ಮನೆಯಲ್ಲಿ ಮಾತಿನಮಲ್ಲಿ, ಶಾಲೆಯಲ್ಲಿ ಮೌನಗೌರಿ

ಮನೆಗೆ ನೆಂಟರು ಬಂದಿದ್ದಾರೆ. ಮಂಡಕ್ಕಿ ಒಗ್ಗರಣೆ ಸಿದ್ಧವಾಗಿದೆ, ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿದೆ. ನೀವು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಮಗಳಿಗೆ ಹೇಳುತ್ತೀರಿ: "ಶಾಲೇಲಿ ಕಲಿಸಿದ ಪದ್ಯ ಹೇಳಮ್ಮಾ, ಅತ್ತೆ ಕೇಳ್ತಾರೆ." ಮಗಳು ಸರ್ರನೆ ನಿಮ್ಮ ಬೆನ್ನ ಹಿಂದೆ ಸೇರಿಕೊಳ್ಳುತ್ತಾಳೆ. ಎಷ್ಟು ಪುಸಲಾಯಿಸಿದರೂ ತುಟಿ ಬಿಚ್ಚುವುದಿಲ್ಲ. "ನಮ್ಮ ಹುಡುಗಿಗೆ ಭಾಳ ನಾಚಿಕೆ ರೀ" ಎಂದು ನೀವೇ ಮಾತು ಮುಗಿಸುತ್ತೀರಿ.

ನೆಂಟರು ಹೊರಟ ಅರ್ಧ ಗಂಟೆಗೆ ಹಿತ್ತಿಲಿಗೆ ಹೋಗಿ ನೋಡಿ. ಅದೇ ಮಗಳು ನಾಲ್ಕು ಗೊಂಬೆಗಳನ್ನು ಸಾಲಾಗಿ ಕೂಡಿಸಿ, ಕೈಯಲ್ಲಿ ಕಡ್ಡಿ ಹಿಡಿದು, ಥೇಟ್ ತನ್ನ ಟೀಚರ್ ಹಾಗೆಯೇ ಗದರುತ್ತಿರುತ್ತಾಳೆ!

ಅಂದಮೇಲೆ ಮಗುವಿಗೆ ಮಾತು ಬರುವುದಿಲ್ಲ ಎನ್ನುವುದು ಸುಳ್ಳು. ಮಾತೂ ಇದೆ, ಅಭಿನಯವೂ ಇದೆ. ನಾಲ್ಕು ಜನರ ಕಣ್ಣು ತನ್ನ ಮೇಲೆ ಬಿದ್ದಾಗ ಅದು ಹೊರಗೆ ಬರುವುದಿಲ್ಲ, ಅಷ್ಟೆ. ಬಳ್ಳಾರಿಯ ಒಂದು ಖಾಸಗಿ ಶಾಲೆಯಲ್ಲಿ ವಾರಕ್ಕೆ ಎರಡು ದಿನ ನಾಟಕ ಮತ್ತು ಭಾಷಣ ಕಲಿಸುವ ನನಗೆ ಇದು ಪ್ರತಿ ಜೂನ್‌ನಲ್ಲೂ ಕಾಣುವ ನೋಟ.

ವಾರ್ಷಿಕೋತ್ಸವವೇ ನಾಟಕವಲ್ಲ

"ನಮ್ಮ ಶಾಲೇಲೂ ಎಲ್ಲಾ ಮಾಡಿಸ್ತಾರೆ ರೀ" ಎನ್ನುವ ತಾಯಂದಿರಿದ್ದಾರೆ. ಏನು ಮಾಡಿಸುತ್ತಾರೆ? ವಾರ್ಷಿಕೋತ್ಸವಕ್ಕೆ ಬಾಡಿಗೆಯ ಪೋಷಾಕು, ಮುಖಕ್ಕೆ ಬಣ್ಣ, ಧ್ವನಿವರ್ಧಕದಲ್ಲಿ ಸಿನಿಮಾ ಹಾಡು. ಮಗು ತುಟಿ ಅಲ್ಲಾಡಿಸಿ ಕುಣಿದು ಇಳಿಯುತ್ತದೆ. ಭಾಷಣ ಸ್ಪರ್ಧೆಯಾದರೆ ಅಪ್ಪನೋ ಟೀಚರೋ ಬರೆದುಕೊಟ್ಟ ಎರಡು ಪುಟವನ್ನು ಉರು ಹೊಡೆದು ಒಪ್ಪಿಸುತ್ತದೆ. ನಡುವೆ ಒಂದು ಪದ ಮರೆತರೆ ಮುಗಿಯಿತು, ಕಣ್ಣಲ್ಲಿ ನೀರು. ಪ್ರತಿಭಾ ಕಾರಂಜಿಯ ಬಹುಮಾನಕ್ಕೆಂದು ಚುರುಕಾದ ನಾಲ್ವರನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಉಳಿದ ಮೂವತ್ತಾರು ಮಕ್ಕಳ ಕೆಲಸ ಚಪ್ಪಾಳೆ ತಟ್ಟುವುದು.

ನಾಟಕ ಕಲಿಸಬೇಕಾದದ್ದು ಆ ಮೂವತ್ತಾರು ಮಕ್ಕಳಿಗೆ.

ನನ್ನ ತರಗತಿಯಲ್ಲಿ ಮೊದಲ ತಿಂಗಳು ವೇದಿಕೆಯೂ ಇಲ್ಲ, ಬಾಯಿಪಾಠವೂ ಇಲ್ಲ. ಎಲ್ಲರೂ ವೃತ್ತವಾಗಿ ನಿಲ್ಲುತ್ತೇವೆ. ಹೊಟ್ಟೆ ತುಂಬ ಉಸಿರೆಳೆದು, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸುವುದು. ಕೊನೆಯ ಬೆಂಚಿನ ಗೆಳತಿಗೆ ಕೇಳುವಂತೆ ತನ್ನ ಹೆಸರು ಹೇಳುವುದು. ಕಿರಿಚುವುದು ಬೇರೆ, ಕೇಳಿಸುವುದು ಬೇರೆ. ಈ ವ್ಯತ್ಯಾಸ ತಿಳಿಯಲು ಕೆಲವರಿಗೆ ಎರಡು ವಾರ ಬೇಕು. ಆಮೇಲೆ ಮೂಕಾಭಿನಯ: ತುಂಬಿದ ಕೊಡ ಹೊತ್ತು ನಡೆಯುವುದು, ಬಿಸಿ ರೊಟ್ಟಿ ತಟ್ಟುವುದು. ಆಮೇಲೆ ಆಶುನಾಟಕ: ಸಿರುಗುಪ್ಪದ ಬಸ್ಸು, ಚಿಲ್ಲರೆ ಇಲ್ಲದ ಅಜ್ಜಿ, ಸಿಟ್ಟಿನ ಕಂಡಕ್ಟರ್. ಮಾತು ಮಕ್ಕಳದೇ. ಇಲ್ಲಿ ಅವರು ಹೇಳುವುದಷ್ಟೇ ಅಲ್ಲ, ಕೇಳಿಸಿಕೊಳ್ಳುವುದನ್ನೂ ಕಲಿಯುತ್ತಾರೆ. ಎದುರಿನವಳು ಏನಂದಳೆಂದು ಕೇಳದಿದ್ದರೆ ಉತ್ತರ ಕೊಡುವುದು ಹೇಗೆ?

ನಾಲಿಗೆ ಯಾವುದು, ಭಾಷೆ ಯಾವುದು?

ನಮ್ಮ ಬಳ್ಳಾರಿಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ತೆಲುಗು, ಕೆಲವರಿಗೆ ಉರ್ದು ಅಥವಾ ಲಂಬಾಣಿ, ಬೀದಿಯಲ್ಲಿ ಕನ್ನಡ, ಖಾಸಗಿ ಶಾಲೆಯ ಗೇಟು ದಾಟಿದರೆ ಇಂಗ್ಲಿಷು. ಆರನೇ ತರಗತಿಯ ಒಬ್ಬ ಹುಡುಗಿ ಮೂರು ತಿಂಗಳು ನನ್ನ ಎದುರು ಬಾಯಿ ತೆರೆಯಲಿಲ್ಲ. ಒಂದು ದಿನ, "ನೀನು ಕಾಯಿಪಲ್ಯ ಮಾರುವವಳು, ನಾನು ಚೌಕಾಶಿ ಮಾಡುವವಳು. ನಿಮ್ಮ ಮನೆಯ ಮಾತಿನಲ್ಲೇ ಜಗಳ ಆಡು" ಎಂದೆ. ಸೊಂಟಕ್ಕೆ ಕೈ ಇಟ್ಟು ತೆಲುಗಿನಲ್ಲಿ ಶುರುಮಾಡಿದಳು ನೋಡಿ, ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು! ಮುಂದಿನ ವಾರ ಅದೇ ಜಗಳ ಕನ್ನಡದಲ್ಲಿ. ವರ್ಷ ಮುಗಿಯುವಷ್ಟರಲ್ಲಿ ಇಂಗ್ಲಿಷಿನಲ್ಲಿ ಎರಡು ನಿಮಿಷ ನಿಂತು ಮಾತಾಡಿದಳು. ತಪ್ಪಿತ್ತು, ಇರಲಿ ಬಿಡಿ. ಧೈರ್ಯ ಬಂದವಳಿಗೆ ವ್ಯಾಕರಣ ಆಮೇಲೂ ಬರುತ್ತದೆ.

ಮೂರು ಭಾಷೆ ಹೊರೆಯಲ್ಲ, ಸಂಪತ್ತು ಎಂದು ತೋರಿಸಿದವರು ನಮ್ಮ ಊರಲ್ಲೇ ಇದ್ದರಲ್ಲ! 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡ ನಟ ಬಳ್ಳಾರಿ ರಾಘವ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ದುರ್ಯೋಧನನೂ ಆದರು, ಷೇಕ್ಸ್‌ಪಿಯರನ ಒಥೆಲೊವೂ ಆದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. 1946ರಲ್ಲಿ ಅವರು ತೀರಿಕೊಂಡರು. 1981ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಊರಿನ ರಾಘವ ಕಲಾಮಂದಿರ ಇಂದಿಗೂ ಅವರ ಹೆಸರು ಹೇಳುತ್ತದೆ.

ಇನ್ನೊಂದು ಸ್ವಾರಸ್ಯ ಗಮನಿಸಿ. ರಾಘವ ಅವರ ವೃತ್ತಿ ವಕೀಲಿ. ಸರಸ ವಿನೋದಿನಿ ಸಭೆ ಕಟ್ಟಿದ ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರೂ ವಕೀಲರು. ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ಹಗಲು ಕೋರ್ಟಿನಲ್ಲಿ ವಾದ, ರಾತ್ರಿ ರಂಗದ ಮೇಲೆ ಸಂಭಾಷಣೆ. ನಾಟಕವೂ ಭಾಷಣವೂ ಅಕ್ಕತಂಗಿಯರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

"ಹೆಣ್ಣುಹುಡುಗಿಗೆ ಯಾಕ್ರೀ ಇದೆಲ್ಲ?"

ಗಂಡುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಬರುವುದಿಲ್ಲ. ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟಕ್ಕೆ ತಾಲೀಮು ನಡೆಯುತ್ತಿದ್ದಾಗ ಅಕ್ಷರ ಬಾರದ ಗಂಡಸರೂ ಮಾಸ್ತರರ ಬಾಯಿಂದ ಕೇಳಿ ಕೇಳಿ ಇಡೀ ಪ್ರಸಂಗ ಕಲಿಯುತ್ತಿದ್ದರು. ದ್ರೌಪದಿಯ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಹೆಂಗಸರು ಚಾಪೆ ಹಾಸಿ ಕೂತು ನೋಡಿದ್ದೇ ನೋಡಿದ್ದು.

ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ರಾಘವ ಅವರು ಹಟ ಹಿಡಿದಾಗ ಸಮಾಜ ಹುಬ್ಬುಗಂಟಿಕ್ಕಿತು. ಆದರೂ ಕೊಮ್ಮೂರಿ ಪದ್ಮಾವತಿದೇವಿಯಂಥವರು ಅವರೊಂದಿಗೆ ರಂಗಕ್ಕೆ ಬಂದರು. ಮುಂದೆ ಇದೇ ನೆಲದಲ್ಲಿ ಸುಭದ್ರಮ್ಮ ಮನ್ಸೂರು ಅವರು ತಮ್ಮ ಕಂಠದಿಂದ, ಅಭಿನಯದಿಂದ ದಶಕಗಳ ಕಾಲ ಜನರ ಮನಸ್ಸು ಗೆದ್ದರು. 2020ರಲ್ಲಿ ಅವರು ಅಗಲಿದಾಗ ಬಳ್ಳಾರಿಯೇ ಮನೆಯ ಹಿರಿಯಕ್ಕನನ್ನು ಕಳೆದುಕೊಂಡಂತೆ ಮರುಗಿತು.

ಎಲ್ಲ ಹುಡುಗಿಯರೂ ನಟಿಯಾಗಬೇಕಿಲ್ಲ. ಆದರೆ ತನಗೆ ಬೇಕಾದದ್ದನ್ನು "ಬೇಕು" ಎಂದು, ಬೇಡವಾದದ್ದನ್ನು "ಬೇಡ" ಎಂದು ಹೇಳಲು ಬರಬೇಡವೆ? ಬಸ್ಸಿನಲ್ಲಿ ಯಾರೋ ಮೈ ತಾಗಿಸಿದಾಗ ಆ "ಬೇಡ" ಗಂಟಲಲ್ಲೇ ಉಳಿದುಬಿಟ್ಟರೆ?

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿ ಮದುವೆ ಮಾತು ಎದ್ದಿತ್ತು. ವಯಸ್ಸು ಹದಿನಾರು. ನನ್ನ ಹತ್ತಿರ ಅತ್ತಳು. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ನೆರವು ಬರುತ್ತದೆ. ಅದನ್ನು ತಿಳಿಸಿದೆ, "ಬೇಕಾದರೆ ನಾನೇ ಕರೆ ಮಾಡ್ತೀನಿ" ಎಂದೆ. ಅವಳು, "ಮೊದಲು ನಾನೇ ಅಪ್ಪನ ಹತ್ರ ಮಾತಾಡ್ತೀನಿ ಮಿಸ್" ಎಂದಳು. ಭಾಷಣಕ್ಕೆ ಸಿದ್ಧವಾಗುವಂತೆ ಬೆರಳ ಮೇಲೆ ಮೂರು ಮಾತು ಎಣಿಸಿಕೊಂಡಳು: ಎಷ್ಟು ಅಂಕ ಬರುತ್ತಿದೆ, ಮುಂದೆ ಏನು ಓದಬೇಕೆಂದಿದ್ದೇನೆ, ಎಷ್ಟು ವರ್ಷ ಕಾಯಬೇಕು. ರಾತ್ರಿ ಊಟವಾದ ಮೇಲೆ ಅಪ್ಪನ ಎದುರು ಕೂತು, ಅಳದೆ, ಕೂಗದೆ ಹೇಳಿದಳಂತೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ಮಾತು ಯಾರು ಕಲಿಸಿದ್ರು ನಿನಗೆ?" ಎಂದರಂತೆ. ಅಡುಗೆಮನೆಯಿಂದ ತಾಯಿ ಹೇಳಿದರಂತೆ: "ಅದಕ್ಕೇ ಅಲ್ಲೇನು, ಫೀಸು ಕಟ್ಟಿ ಶಾಲೆಗೆ ಕಳಿಸಿದ್ದು?"

ಹುಡುಗಿ ಪಿ.ಯು.ಸಿ. ಮುಗಿಸಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಆದರೆ ಅಂದು ಆಕೆ ಮೌನಗೌರಿಯಾಗಿಯೇ ಉಳಿದಿದ್ದರೆ?

ಮನೆಯಲ್ಲೇ ಮಾಡಿನೋಡಿ

ನಿಮ್ಮ ಊರಿನ ಶಾಲೆಯಲ್ಲಿ ನಾಟಕದ ಟೀಚರ್ ಇಲ್ಲವೆ? ಚಿಂತೆ ಬೇಡ. ಅರ್ಧ ಪಾಠ ಅಡುಗೆಮನೆಯಲ್ಲೇ ನಡೆಯುತ್ತದೆ.

1. ದಿನಕ್ಕೆ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದಲಿ. ನೀವು ತರಕಾರಿ ಹೆಚ್ಚುತ್ತಾ ಕೇಳಿ. ನಡುವೆ ತಪ್ಪು ಹಿಡಿಯಬೇಡಿ. ಮುಗಿದ ಮೇಲೆ ಒಂದೇ ಒಂದು ತಪ್ಪು ತಿದ್ದಿ.

2. ಕಥೆಯನ್ನು ನೀವು ಅರ್ಧ ಹೇಳಿ ನಿಲ್ಲಿಸಿ. ಉಳಿದದ್ದನ್ನು ಮಗು ಕಟ್ಟಲಿ.

3. ಭಾಷಣ ಬರೆದುಕೊಟ್ಟು ಉರು ಹೊಡೆಸಬೇಡಿ. ಹೇಳಬೇಕಾದ ಮೂರು ಅಂಶಗಳನ್ನು ಬೆರಳ ಮೇಲೆ ಎಣಿಸಿಕೊಳ್ಳಲಿ, ಮಾತು ಅದರದೇ ಇರಲಿ. ಪದ ಮರೆತರೆ ನಿಂತು ಉಸಿರೆಳೆದುಕೊಳ್ಳಲಿ. ಆ ಮೌನ ನಿಂತವರಿಗೆ ಉದ್ದ, ಕೇಳುವವರಿಗೆ ಗಿಡ್ಡ.

4. ಹಳೆಯ ಸೀರೆ ಪರದೆಯಾಗಲಿ, ಅಪ್ಪನ ಟವೆಲು ರುಮಾಲಾಗಲಿ. ರಜೆಯಲ್ಲಿ ಓಣಿಯ ಮಕ್ಕಳನ್ನು ಸೇರಿಸಿ ಕಾಲು ಗಂಟೆಯ ನಾಟಕ ಆಡಿಸಿ. ಓಣಿಯ ಅಜ್ಜ ಅಜ್ಜಿಯರೇ ಪ್ರೇಕ್ಷಕರು.

5. ತೊದಲುವ ಮಗುವನ್ನು ಅವಸರಪಡಿಸಬೇಡಿ, ಅದರ ಮಾತನ್ನು ನೀವು ಮುಗಿಸಬೇಡಿ. ತೊದಲು ಹೆಚ್ಚಾಗಿದ್ದರೆ ವಾಕ್‌ತಜ್ಞರಿಗೆ ತೋರಿಸಿ.

6. ಶಾಲೆಯ ಪೋಷಕರ ಸಭೆಗೆ ನೀವೇ ಹೋಗಿ, ನೀವೇ ಎದ್ದು ನಿಂತು ಕೇಳಿ: "ವಾರದಲ್ಲಿ ಒಂದು ಪೀರಿಯಡ್ಡು ಎಲ್ಲ ಮಕ್ಕಳಿಗೂ ನಾಟಕಕ್ಕೆ ಕೊಡ್ತೀರಾ?"

ಆರನೆಯದೇ ಕಷ್ಟ ಅಂತೀರಾ? ನನಗೂ ಗೊತ್ತು. ನಾಲ್ಕು ಜನರ ಮುಂದೆ ಎದ್ದು ನಿಲ್ಲಲು ನಮಗೇ ಮೊಣಕಾಲು ನಡುಗುತ್ತದೆ, ಯಾಕೆಂದರೆ ನಮಗೆ ಯಾರೂ ಕಲಿಸಲಿಲ್ಲ. ಹೊಟ್ಟೆ ತುಂಬ ಉಸಿರೆಳೆದುಕೊಂಡು ಎದ್ದು ನಿಲ್ಲಿ. ಪಕ್ಕದಲ್ಲಿ ಕೂತ ಮಗಳು ಕತ್ತೆತ್ತಿ ನಿಮ್ಮನ್ನೇ ನೋಡುತ್ತಿರುತ್ತಾಳೆ.

ಮುಂದಿನ ಸಲ ನೆಂಟರು ಬಂದಾಗ ಅವಳನ್ನು ಪದ್ಯ ಹೇಳು ಎಂದು ಒತ್ತಾಯಿಸಬೇಡಿ. ನಿಮ್ಮ ಜೊತೆ ಮಿರ್ಚಿ ತಟ್ಟೆ ಹಿಡಿದು ಬಂದು, "ಅತ್ತೆ, ಇನ್ನೊಂದು ಹಾಕ್ಲಾ?" ಎಂದು ಅವಳು ಕೇಳಲಿ. ಮೊದಲ ಸಂಭಾಷಣೆಗೆ ಅಷ್ಟು ಸಾಕು.