'ಡಿನೈ' ಮತ್ತು 'ರೆಫ್ಯೂಟ್': ಅಲ್ಲವೆನ್ನುವುದು ಬೇರೆ, ಅಲ್ಲವೆಂದು ತೋರಿಸುವುದು ಬೇರೆ

ಲಂಚದ ಆರೋಪ ಹೊತ್ತ ಸಚಿವರೊಬ್ಬರು ಸುದ್ದಿಗಾರರೆದುರು 'ಇದೆಲ್ಲ ಸತ್ಯಕ್ಕೆ ದೂರ' ಎಂದಷ್ಟೇ ಹೇಳಿ ಕಾರು ಹತ್ತಿದರು ಎಂದಿಟ್ಟುಕೊಳ್ಳಿ. ಮರುದಿನ ಒಂದು ಇಂಗ್ಲಿಷ್ ಪತ್ರಿಕೆ ಅವರು ಆರೋಪವನ್ನು 'ಡಿನೈ' ಮಾಡಿದರೆಂದೂ, ಇನ್ನೊಂದು 'ರೆಫ್ಯೂಟ್' ಮಾಡಿದರೆಂದೂ ಬರೆಯುತ್ತದೆ. ಓದುಗರಿಗೆ ಎರಡೂ ಒಂದೇ ಎನಿಸಬಹುದು. ಆದರೆ ಎರಡನೆಯ ಪತ್ರಿಕೆ ತನಗರಿವಿಲ್ಲದೆಯೇ ಸಚಿವರನ್ನು ನಿರ್ದೋಷಿಯೆಂದು ಸಾರಿಬಿಟ್ಟಿರುತ್ತದೆ.

'ಡಿನೈ' ಎಂದರೆ ಅಲ್ಲ ಎನ್ನುವುದು, ಅಷ್ಟೇ. ಅದಕ್ಕೆ ಸಾಕ್ಷ್ಯ ಬೇಕಿಲ್ಲ. ಸತ್ಯವಂತನೂ ಸುಳ್ಳುಗಾರನೂ ಅದನ್ನು ಸಮಾನವಾಗಿ ಮಾಡಬಲ್ಲರು. ಜಾಮೀನು, ಪ್ರವೇಶ ಮುಂತಾದವನ್ನು ನಿರಾಕರಿಸುವುದಕ್ಕೂ ಇದೇ ಪದ. 'ರೆಫ್ಯೂಟ್' ಅಲ್ಲಿಗೆ ಸಲ್ಲದು. ಅದರ ಸಾಂಪ್ರದಾಯಿಕ ಅರ್ಥ, ಒಂದು ವಾದ ಅಥವಾ ಆರೋಪ ಸುಳ್ಳೆಂದು ಪುರಾವೆ, ತರ್ಕಗಳಿಂದ ತೋರಿಸಿಕೊಡುವುದು. ಲಂಚ ಪಡೆದರೆನ್ನಲಾದ ದಿನ ತಾವು ವಿದೇಶದಲ್ಲಿದ್ದುದನ್ನು ಸಚಿವರು ಪಾಸ್‌ಪೋರ್ಟ್ ಮುದ್ರೆ ಸಮೇತ ತೋರಿಸಿದ್ದರೆ ಆ ಪದ ಒಪ್ಪುತ್ತಿತ್ತು.

ತೋರಿಸಿಕೊಟ್ಟೆನೆಂದು ಭಾವಿಸುವುದು ಸುಲಭ. ವಸ್ತುಗಳಿಗೆ ಮನಸ್ಸಿನಾಚೆ ಅಸ್ತಿತ್ವವಿಲ್ಲವೆಂದ ಬಿಷಪ್ ಬರ್ಕ್ಲಿಯ ವಾದದ ಬಗ್ಗೆ 1763ರಲ್ಲಿ ಮಾತು ಬಂದಾಗ, ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಕಲ್ಲೊಂದನ್ನು ಬಲವಾಗಿ ಒದ್ದು, ಆ ವಾದವನ್ನು ಹೀಗೆ 'ರೆಫ್ಯೂಟ್' ಮಾಡುವೆನೆಂದರಂತೆ. ಕಲ್ಲು ಒದೆಯುವುದರಿಂದ ಬರ್ಕ್ಲಿಯ ವಾದ ಬೀಳುವುದಿಲ್ಲವೆಂಬುದು ಅನೇಕ ತತ್ತ್ವಶಾಸ್ತ್ರಜ್ಞರ ಅಭಿಪ್ರಾಯ. ನಿಘಂಟುಕಾರನ ಪಾಡೇ ಹೀಗಾದರೆ ವರದಿಗಾರರ ಗತಿಯೇನು!

ಬಳಕೆಯಲ್ಲಿ ಈ ಭೇದ ಮಸುಕಾಗುತ್ತಿರುವುದೂ ನಿಜ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಬರಿಯ ನಿರಾಕರಣೆಯ ಅರ್ಥವನ್ನೂ 'ರೆಫ್ಯೂಟ್'ಗೆ ದಾಖಲಿಸಿದೆ. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯ ಶೈಲಿ ಕೈಪಿಡಿಯಾದರೋ ಇದನ್ನು ಒಪ್ಪುವುದಿಲ್ಲ. ಸಾಮಾನ್ಯ ಮಾತುಕತೆಯಲ್ಲಿ ಈ ಸಡಿಲಿಕೆ ನಡೆದೀತು. ಆರೋಪಗಳ ವರದಿಯಲ್ಲಿ ಗಾರ್ಡಿಯನ್ನಿನ ಬಿಗಿಯೇ ಲೇಸು.

ಕನ್ನಡದಲ್ಲೂ ಇಂಥದ್ದೇ ಜಾರುವಿಕೆ ಆಗಿದೆ. ಶಾಸ್ತ್ರಾರ್ಥದಲ್ಲಿ 'ಖಂಡನೆ' ಎಂದರೆ ಎದುರಾಳಿಯ ಪಕ್ಷವನ್ನು ಯುಕ್ತಿಯಿಂದ ಒಡೆಯುವುದು. ಮಧ್ವಾಚಾರ್ಯರ 'ಮಾಯಾವಾದ ಖಂಡನ'ದ ಹೆಸರಿನಲ್ಲಿರುವುದು ಆ ಅರ್ಥವೇ. ಇಂದಿನ ಸುದ್ದಿಯಲ್ಲಿ 'ಖಂಡಿಸಿದರು' ಎಂದರೆ ಸಿಟ್ಟಾಗಿ ವಿರೋಧಿಸಿದರೆಂದರ್ಥ. ಹೀಗಾಗಿ ಸುದ್ದಿಸಂಸ್ಥೆಯ ಪ್ರತಿಯಲ್ಲಿ 'ರೆಫ್ಯೂಟ್' ಕಂಡಾಗ 'ಖಂಡಿಸಿದರು' ಎಂದು ಅನುವಾದಿಸಿದರೂ ಪೂರ್ತಿ ಅರ್ಥ ಬಾರದು. ಹೇಳಿದವರು ಏನಾದರೂ ಪುರಾವೆ ಕೊಟ್ಟರೇ ಎಂದು ನೋಡಬೇಕು. ಕೊಡದಿದ್ದಲ್ಲಿ 'ನಿರಾಕರಿಸಿದರು' ಎಂದರೆ ಸಾಕು.