ತಾಂಬರದಾಚೆಯ ಒಂದು ಉದ್ಯಮ

ಬೆಳಗಿನ ವೇಳೆ ತಾಂಬರಂ ನಿಲ್ದಾಣದಲ್ಲಿ ನಿಂತು ನೋಡುವವರಿಗೆ ಒಂದು ಬದಲಾವಣೆ ಎದ್ದು ಕಾಣದಿರದು. 1931ರಲ್ಲಿ ವಿದ್ಯುತ್ ರೈಲು ಓಡತೊಡಗಿದಂದಿನಿಂದ ಇಲ್ಲಿನ ಗುಮಾಸ್ತರೂ ಹೋಟೆಲು ನೌಕರರೂ ಬುತ್ತಿ ಹಿಡಿದು ಹೊರಡುತ್ತಿದ್ದುದು ನಗರದ ಕಡೆಗೆ, ಬೀಚಿನ ದಿಕ್ಕಿಗೆ. ಇಂದು ಎದುರು ದಿಕ್ಕಿಗೆ, ಚೆಂಗಲ್ಪಟ್ಟಿನ ಕಡೆಗೆ ಹೋಗುವ ಗಾಡಿಗಳಲ್ಲಿಯೂ ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡ ತರುಣ ತರುಣಿಯರು ತುಂಬಿರುತ್ತಾರೆ. ಅವರಲ್ಲಿ ಅನೇಕರು ಇಳಿಯುವುದು ಗೂಡುವಾಂಚೇರಿ, ಪೊತ್ತೇರಿಗಳ ಆಸುಪಾಸಿನಲ್ಲಿ. ಅಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, ಜೋಹೋ ಎಂಬ ಕಂಪೆನಿಯ ಮುಖ್ಯ ಕಾರ್ಯಸ್ಥಾನವಿದೆ. ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಗಿರಾಕಿಗಳುಳ್ಳ ಈ ಸಂಸ್ಥೆ ಬೆಳೆದ ಬಗೆಯನ್ನು ನಮ್ಮ ವಾಚಕರು ಅರಿಯುವುದು ಉಚಿತವೆಂದು ನಮಗೆ ತೋರುತ್ತದೆ. ಏಕೆಂದರೆ ಇದು ಶ್ರೀಮಂತರ ಮನೆಯಲ್ಲಿ ಹುಟ್ಟಿದ ಉದ್ಯಮವಲ್ಲ.

ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದ ಶ್ರೀಧರ ವೆಂಬು ಅವರ ತಂದೆ ಮದ್ರಾಸು ಉಚ್ಚ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿದ್ದವರು. ತಂಜಾವೂರು ಸೀಮೆಯಿಂದ ಬಂದ ಸಾಧಾರಣ ಸಂಸಾರ. ಮಗ ತಮಿಳು ಮಾಧ್ಯಮದಲ್ಲಿ ಕಲಿತು, 1989ರಲ್ಲಿ ಮದ್ರಾಸಿನ ಐಐಟಿಯಿಂದ ಹೊರಬಂದು, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಕ್ವಾಲ್‌ಕಾಮ್ ಕಂಪೆನಿಯಲ್ಲಿ ಉದ್ಯೋಗಿಯಾದರು. ಇಷ್ಟಕ್ಕೇ ನಿಂತಿದ್ದರೆ ಇದು ನೂರಾರು ಮನೆಗಳ ಕಥೆಯಾಗುತ್ತಿತ್ತು. ಆದರೆ 1996ರಲ್ಲಿ ವೆಂಬು ಸಹೋದರರೂ ಟೋನಿ ಥಾಮಸ್ ಎಂಬವರೂ ಕೂಡಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಸಣ್ಣದೊಂದು ಕಂಪೆನಿಯನ್ನು ಕಟ್ಟಿದರು. ಚೆನ್ನೈಯ ಹೊರವಲಯದ ಚಿಕ್ಕ ಮನೆಯೇ ಕಛೇರಿ. ಸರಕು ತಯಾರಾಗುವುದು ಇಲ್ಲಿ, ಮಾರಾಟವಾಗುವುದು ಅಮೆರಿಕದಲ್ಲಿ. ದೂರವಾಣಿ ಮತ್ತು ಗಣಕಯಂತ್ರಗಳ ಜಾಲವನ್ನು ಕಟ್ಟುವ ಯಂತ್ರೋಪಕರಣ ತಯಾರಕರಿಗೆ, ಆ ಜಾಲ ಸರಿಯಾಗಿ ನಡೆಯುತ್ತಿದೆಯೇ ಎಂದು ಕಾವಲು ಕಾಯುವ ತಂತ್ರಾಂಶವನ್ನು ಒದಗಿಸುವುದು ಅವರ ಕಸುಬಾಗಿತ್ತು.

ನಾಲ್ಕೈದು ವರ್ಷ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಬಳಿಕ, 2001ರ ಸುಮಾರಿಗೆ, ಅಮೆರಿಕದ ಇಂಟರ್ನೆಟ್ ವ್ಯಾಪಾರ ನೆಲಕಚ್ಚಿತು. ಇವರ ಗಿರಾಕಿಗಳೇ ಮುಳುಗಿದ ಮೇಲೆ ಇವರ ಗತಿಯೇನು? ಒಂದೇ ಕಛೇರಿಯ ನೌಕರರನ್ನು ನಂಬಿ ಹೋಟೆಲು ತೆರೆದವನಿಗೆ, ಆ ಕಛೇರಿ ಬೇರೆಡೆಗೆ ಹೋದ ದಿನ ಆಗುವ ಪಾಡೇ ಇದು. ಆಗ ಕಂಪೆನಿ ದಾರಿಯನ್ನು ಬದಲಿಸಿತು. ಬೆರಳೆಣಿಕೆಯ ದೊಡ್ಡ ಗಿರಾಕಿಗಳನ್ನು ಬಿಟ್ಟು, ಸಾವಿರಾರು ಸಾಧಾರಣ ಕಛೇರಿಗಳು ಕೊಳ್ಳಬಲ್ಲ ಅಗ್ಗದ ಸರಕನ್ನು ಮಾಡತೊಡಗಿತು. ಮ್ಯಾನೇಜ್‌ಎಂಜಿನ್ ಎಂಬ ಶಾಖೆ ಹೀಗೆ ಹುಟ್ಟಿತು. 2005ರಲ್ಲಿ ಜೋಹೋ ಎಂಬ ಹೆಸರಿನಲ್ಲಿ ಪತ್ರ ಬರೆಯುವ, ಗಿರಾಕಿಗಳ ಲೆಕ್ಕವಿಡುವ ಸೇವೆಗಳು ಇಂಟರ್ನೆಟ್ಟಿನಲ್ಲಿ ಬಂದವು. ಆ ಹೆಸರೇ ಜನರ ಬಾಯಲ್ಲಿ ನಿಂತುದರಿಂದ 2009ರಲ್ಲಿ ಕಂಪೆನಿಯೂ ಅದನ್ನೇ ಧರಿಸಿತು.

ಈ ವ್ಯಾಪಾರದ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಮೊದಲು ತಂತ್ರಾಂಶವನ್ನು ಒಮ್ಮೆಗೇ ದೊಡ್ಡ ಮೊತ್ತ ತೆತ್ತು ಕೊಳ್ಳಬೇಕಾಗಿತ್ತು. ಜೋಹೋ ಮುಂತಾದವರದು ತಿಂಗಳೂಟದ ಕ್ರಮ. ಎಷ್ಟು ಜನ ಉಣ್ಣುವರೋ ಅಷ್ಟು ಜನರ ಲೆಕ್ಕ, ಬೇಡವಾದ ತಿಂಗಳು ಬಿಡಬಹುದು. ಆದರೆ ನಮ್ಮ ಅಡುಗೆಮನೆಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ನೂರು ಜನರಿಗೆ ದೋಸೆ ಹಾಕಲು ನೂರು ಜನರ ಅಕ್ಕಿಯನ್ನೇ ನೆನೆಹಾಕಬೇಕು. ತಂತ್ರಾಂಶವಾದರೋ ಒಮ್ಮೆ ಸಿದ್ಧವಾದ ಮೇಲೆ ನೂರು ಜನರಿಗೆ ಬಡಿಸಿದರೂ ಲಕ್ಷ ಜನರಿಗೆ ಬಡಿಸಿದರೂ ಹೆಚ್ಚಿನ ವೆಚ್ಚ ಅತ್ಯಲ್ಪ. ಇಂತಹ ಕಂಪೆನಿಗಳು ಅಷ್ಟು ಬೇಗನೆ ಬೆಳೆಯುವುದಕ್ಕೂ, ಅಷ್ಟೇ ಬೇಗನೆ ಒಂದನ್ನೊಂದು ನುಂಗುವುದಕ್ಕೂ ಇದೇ ಕಾರಣ. ಜೋಹೋವನ್ನು ಕೊಳ್ಳಲು ಹೊರಗಿನವರು ಬಂದುದುಂಟು, ಸ್ಥಾಪಕರು ಮಾರಲಿಲ್ಲ. ಷೇರುಪೇಟೆಗೂ ಹೋಗಲಿಲ್ಲ. ಗಳಿಸಿದುದನ್ನೇ ಮತ್ತೆ ಹೂಡಿ ಬೆಳೆದರು. 2022ರಲ್ಲಿ ವಾರ್ಷಿಕ ವರಮಾನ ನೂರು ಕೋಟಿ ಡಾಲರನ್ನು ದಾಟಿತೆಂದೂ, 2023ರಲ್ಲಿ ಬಳಕೆದಾರರ ಸಂಖ್ಯೆ ಹತ್ತು ಕೋಟಿಯನ್ನು ಮುಟ್ಟಿತೆಂದೂ ಸಂಸ್ಥೆ ಸಾರಿತು. 2025ರಲ್ಲಿ ಕೇಂದ್ರ ಸರ್ಕಾರದ ಸುಮಾರು ಹನ್ನೆರಡು ಲಕ್ಷ ನೌಕರರ ಇ-ಮೇಲ್ ಈ ಸಂಸ್ಥೆಯ ವ್ಯವಸ್ಥೆಗೆ ವರ್ಗವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಅದೇ ವರ್ಷ ಜನ ಮುಗಿಬಿದ್ದು ತಮ್ಮ ಫೋನುಗಳಿಗೆ ಹಾಕಿಕೊಂಡ ‘ಅರಟ್ಟೈ’ಯೂ ಇವರದೇ. ತಮಿಳರ ಅರಟ್ಟೈ ನಮ್ಮ ಹರಟೆಯೇ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಕೈಗೂಡಿತೆಂದಲ್ಲ. ನಮ್ಮ ಮೈಸೂರಿನ ಕೋಚನಹಳ್ಳಿಯಲ್ಲಿ 3,425 ಕೋಟಿ ರೂಪಾಯಿಯ ಅರೆವಾಹಕ ಕಾರ್ಖಾನೆ ಬರುವುದೆಂದು, ಕರ್ನಾಟಕ ಸರ್ಕಾರದ ಒಪ್ಪಿಗೆಯೂ ದೊರೆತಿದೆಯೆಂದು 2024ರ ಕೊನೆಯಲ್ಲಿ ಓದಿ ಹರ್ಷಿಸಿದವರಲ್ಲಿ ನಾವೂ ಇದ್ದೆವು. 2025ರ ಮೇ ತಿಂಗಳಿನಲ್ಲಿ, ಆ ತಂತ್ರವಿದ್ಯೆಯಲ್ಲಿ ತಮಗೆ ಸಾಕಷ್ಟು ಭರವಸೆ ಮೂಡಲಿಲ್ಲವೆಂದು ವೆಂಬು ಅವರು ಆ ಯೋಜನೆಯನ್ನು ಕೈಬಿಟ್ಟರು. ಸರ್ಕಾರದ ಹಣ ಪಡೆದು ಕೈಸುಟ್ಟುಕೊಳ್ಳುವುದಕ್ಕಿಂತ ಇದು ಲೇಸೆಂದು ವಾದಿಸಬಹುದು. ಮೈಸೂರಿನ ನಿರುದ್ಯೋಗಿ ತರುಣರಿಗೆ ಆ ವಾದ ರುಚಿಸದಿದ್ದರೆ ಅವರನ್ನು ದೂರುವಂತಿಲ್ಲ. ಅದೇ ವರ್ಷದ ಆರಂಭದಲ್ಲಿ ವೆಂಬು ಅವರು ಮುಖ್ಯಾಧಿಕಾರಿಯ ಪದವಿಯನ್ನು ಶೈಲೇಶ್ ಕುಮಾರ್ ದವೇ ಅವರಿಗೆ ಒಪ್ಪಿಸಿ, ತಾವು ಸಂಶೋಧನೆಯ ಹೊಣೆ ಹೊತ್ತರು.

ಇನ್ನು ನಮ್ಮವರ ಮಾತು. ಲೆಕ್ಕ ಬರೆಯುವ ತಂತ್ರಾಂಶ ಬೆಳೆದಷ್ಟೂ ಲೆಕ್ಕ ಬರೆಯುವ ಗುಮಾಸ್ತನ ಕುರ್ಚಿ ಅಲುಗುತ್ತದೆ. ಇದನ್ನು ಮುಚ್ಚಿಡುವುದು ವಾಚಕರಿಗೆ ಬಗೆಯುವ ದ್ರೋಹ. ಖಾತೆ ಪುಸ್ತಕ ಹೊತ್ತು ನಾಲ್ವರು ಮಾಡುತ್ತಿದ್ದ ಕೆಲಸವನ್ನು ಇಂದು ಒಬ್ಬನು ಮುಗಿಸುತ್ತಾನೆ. ಆ ಒಬ್ಬನು ಯಾರಾಗಬೇಕು, ಉಳಿದ ಮೂವರ ಮಕ್ಕಳು ಏನು ಓದಬೇಕು ಎಂಬುದೇ ನಮ್ಮ ಮನೆಗಳ ಪ್ರಶ್ನೆ. ಸಾಲ ಮಾಡಿ ಮಗನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ, ನಾಲ್ಕು ವರ್ಷದ ಬಳಿಕ ಸಾಲವೊಂದೇ ಉಳಿದ ಸಂಸಾರಗಳನ್ನು ನಾವು ಬಲ್ಲೆವು.

ಜೋಹೋ ಕಥೆಯಲ್ಲಿ ನಮಗೆ ಅತ್ಯಂತ ಗಮನಾರ್ಹವಾಗಿ ಕಂಡುದು ಈ ಕಾರಣದಿಂದ ಅದರ ವರಮಾನವಲ್ಲ, ಅದರ ಪಾಠಶಾಲೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕೆಲವೇ ಹುಡುಗರಿಂದ ಆರಂಭವಾದ ಈ ಶಾಲೆ ಹನ್ನೆರಡನೆಯ ತರಗತಿ ಅಥವಾ ಡಿಪ್ಲೊಮಾ ಮುಗಿಸಿದವರನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತದೆ. ಶುಲ್ಕ ಕೇಳುವುದಿಲ್ಲ, ತಾನೇ ಮಾಸಾಶನ ಕೊಡುತ್ತದೆ. ಗಣಿತ, ಇಂಗ್ಲಿಷು, ತಂತ್ರಾಂಶ ರಚನೆಗಳನ್ನು ಕಲಿಸಿ, ಎರಡು ವರ್ಷದೊಳಗೆ ಕೆಲಸಕ್ಕೆ ಹಚ್ಚುತ್ತದೆ. ಚೆನ್ನೈಯಲ್ಲಿ ಮಾತ್ರವಲ್ಲ, 2011ರಲ್ಲಿ ಕಛೇರಿ ತೆರೆದ ತೆಂಕಾಶಿಯಲ್ಲಿಯೂ ಇಂತಹ ಶಾಲೆಯುಂಟು. ಹಗಲೆಲ್ಲ ಮೇಜು ಒರೆಸಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮುಂಬಯಿಯ ನಮ್ಮ ಹೋಟೆಲು ಹುಡುಗರ ಪೀಳಿಗೆಗೆ ಈ ಏರ್ಪಾಡು ಅಪರಿಚಿತವೆನಿಸದು. ಅಂದು ಕಲಿಸಿದವರು ಸಮಾಜದ ಹಿರಿಯರು. ಇಂದು ಕಲಿಸುವವನು ಯಜಮಾನನೇ.

ಯಜಮಾನನು ಕಲಿಸಿದುದು ಯಜಮಾನನ ಕೆಲಸಕ್ಕೆ ಬೇಕಾದಷ್ಟು ಎಂಬುದನ್ನೂ ತಂದೆ ತಾಯಿಯರು ನೆನಪಿಡಬೇಕು. ಅಲ್ಲಿ ವಿಶ್ವವಿದ್ಯಾಲಯದ ಪದವಿ ದೊರೆಯುವುದಿಲ್ಲ. ನಾಳೆ ಕಂಪೆನಿ ಬಿಟ್ಟು ಬ್ಯಾಂಕಿನ ಪರೀಕ್ಷೆಗೋ ಸರ್ಕಾರಿ ಹುದ್ದೆಗೋ ಅರ್ಜಿ ಹಾಕಬಯಸಿದರೆ ಪದವಿಯ ಕಾಗದ ಕೇಳುವವರಿದ್ದಾರೆ. ಅಂಚೆ ಶಿಕ್ಷಣದ ಮೂಲಕ ಬಿ.ಕಾಂ. ಪದವಿಯನ್ನು ಜೊತೆಜೊತೆಗೆ ಪೂರೈಸಿಕೊಳ್ಳುವ ಮಾರ್ಗವಿದೆ. ದುಡಿಯುವ ಮಕ್ಕಳಿಗೆ ಅದು ಕಷ್ಟವೇ ಹೊರತು ಅಸಾಧ್ಯವಲ್ಲ. ಸ್ಥಾನಗಳು ಕೆಲವೇ, ಅರ್ಜಿದಾರರು ಬಹಳ. ಹನ್ನೆರಡನೆಯ ತರಗತಿಯಲ್ಲಿ ಮಕ್ಕಳಿರುವವರು ಈ ವರ್ಷದ ಪ್ರವೇಶದ ನಿಯಮಗಳನ್ನು ಸಂಸ್ಥೆಯಿಂದಲೇ ನೇರವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಡುವೆ ದಲ್ಲಾಳಿಯೊಬ್ಬನು ಹಣ ಕೇಳಿದರೆ, ಶುಲ್ಕವೇ ಇಲ್ಲದ ಶಾಲೆಗೆ ಹಣವೇತಕ್ಕೆಂದು ಅವನನ್ನು ಕೇಳಬೇಕು.