ಹಿತ್ತಿಲ ವಾಷಿಂಗ್ ಮೆಷಿನ್ ಯಾವ ಊರಿನದ್ದು?

ಕಾಪು, ಕಾರ್ಕಳ ಕಡೆಯ ಬ್ಯಾರಿ ಮನೆಗಳ ಹಿತ್ತಿಲಲ್ಲಿ ಗಲ್ಫ್‌ನಿಂದ ಬಂದ ಎರಡು ತೊಟ್ಟಿಯ ಹಳೇ ವಾಷಿಂಗ್ ಮೆಷಿನ್ ಈಗಲೂ ಕಾಣಸಿಗುತ್ತದೆ. ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಗುಜರಿಗೆ ಹಾಕುವ ಮುಂಚೆ ಅದರ ಹಿಂಬದಿಯ ಪಟ್ಟಿಯನ್ನು ಒರೆಸಿ ಓದಿ. ‘ನ್ಯಾಷನಲ್’ ಎಂದಿದ್ದರೆ ಇಂದಿನ ಪ್ಯಾನಸೋನಿಕ್ ಕಂಪೆನಿಯದ್ದೇ. 127 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಉಪ್ಪ ದುಡಿದದ್ದು ಬಹುಶಃ ಸೌದಿಯಲ್ಲಿ. ದುಬೈ, ಕುವೈತ್‌ನಲ್ಲಿ ನಮ್ಮಂತೆಯೇ 50 ಹರ್ಟ್ಸ್. ಅಂಥದ್ದನ್ನು ನಮ್ಮ 230 ವೋಲ್ಟ್‌ಗೆ ನೇರ ಕೊಟ್ಟರೆ ಮೋಟಾರ್ ಸುಟ್ಟೇ ಹೋದೀತು, ಅದಕ್ಕೇ ಪಕ್ಕದಲ್ಲೊಂದು ಭಾರದ ಟ್ರಾನ್ಸ್‌ಫಾರ್ಮರ್.

ಆದರೂ ಉಮ್ಮಂದಿರು ಮೆಷಿನನ್ನು ಪೂರ್ತಿ ನಂಬಿದವರಲ್ಲ. ನಜಸ್ ತಾಗಿದ ಬಟ್ಟೆ ತೊಟ್ಟಿಯ ನೀರಲ್ಲಿ ತಿರುಗಿದರೆ ಸಾಲದು, ಮೇಲಿಂದ ಶುದ್ಧ ನೀರು ಹರಿಯಬೇಕೆಂಬ ಶಾಫಿಈ ಮಸ್‌ಅಲ ಅವರಿಗೆ ಗೊತ್ತು. ಬಾವಿಕಟ್ಟೆಯಲ್ಲಿ ಮತ್ತೆ ನೀರು ಹೊಯ್ದೇ ಒಣಗಲು ಹಾಕುತ್ತಿದ್ದರು.

ಉಪ್ಪ ಅದನ್ನು ಎಷ್ಟು ತಿಂಗಳ ಸಂಬಳದಲ್ಲಿ ಕೊಂಡರೆಂದು ಪಟ್ಟಿಯಲ್ಲಿಲ್ಲ. ಉಮ್ಮ ಇರುವಾಗಲೇ ಕೇಳಿ ಬರೆದಿಡಿ.